ಬೈಕಾಯ್ಡ್ ಇಳಿಜಾರು ನುಣುಪು, ಹಂಚ್‌ಬ್ಯಾಕ್ ಗಡಿ ಮಾತ್ರ ಚೂಪು: ಇದು ಹೇಗೆ?

ಪಾಠದಮನೆ:
ಪದವಿ ತರಗತಿಗೆ ಬೆಳವಣಿಗೆಯ ಜೀವಶಾಸ್ತ್ರ ಕಲಿಸುತ್ತೇನೆ. ಹಣ್ಣುನೊಣದ ಭ್ರೂಣದಲ್ಲಿ ವಂಶವಾಹಿಗಳನ್ನು ಎಬ್ಬಿಸುವ, ಮಲಗಿಸುವ ಪ್ರೋಟೀನ್‌ಗಳ ಪಾಠ ಈ ವಾರ ಮುಗಿಯಬೇಕಿತ್ತು. ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯಿಂದ ಅಲ್ಲೇ ನಿಂತಿದೆ.

ನಾನು ಹಲಗೆಯ ಮೇಲೆ ಬರೆದದ್ದು ಎಲ್ಲ ಪಠ್ಯಗಳಲ್ಲಿ ಇರುವುದನ್ನೇ. ತಾಯಿ ನೊಣ ಮೊಟ್ಟೆಯ ಮುಂತುದಿಯಲ್ಲಿ, ಅಂದರೆ ತಲೆ ಬರುವ ಕಡೆ, ಬೈಕಾಯ್ಡ್ ಆರ್‌ಎನ್‌ಎಯನ್ನು ಇಟ್ಟು ಕಳುಹಿಸಿರುತ್ತದೆ. ಮೊಟ್ಟೆ ಹೊರಬಿದ್ದ ಮೇಲೆ ಅದರಿಂದ ಪ್ರೋಟೀನ್ ತಯಾರಾಗಿ ಹಿಂದಕ್ಕೆ ಹರಡುತ್ತದೆ. ಮುಂದೆ ದಟ್ಟ, ಹಿಂದೆ ಹೋದಂತೆ ತೆಳು. ಅದು ಹಂಚ್‌ಬ್ಯಾಕ್ ವಂಶವಾಹಿಯನ್ನು ಎಬ್ಬಿಸುತ್ತದೆ. ಆದ್ದರಿಂದ ಭ್ರೂಣದ ಮುಂದಿನ ಅರ್ಧದಲ್ಲಿ ಹಂಚ್‌ಬ್ಯಾಕ್ ಇರುತ್ತದೆ, ಹಿಂದಿನ ಅರ್ಧದಲ್ಲಿ ಇರುವುದಿಲ್ಲ.

ಅವಳು ಕೇಳಿದ್ದು ಇಷ್ಟು: ಬೈಕಾಯ್ಡ್ ಮೆಲ್ಲಗೆ ಇಳಿಯುತ್ತದೆ, ಹಂಚ್‌ಬ್ಯಾಕ್ ಮಾತ್ರ ನಡುವಿನಲ್ಲಿ ಕತ್ತರಿಸಿದಂತೆ ನಿಲ್ಲುತ್ತದೆ. ಗಡಿಯ ಆಚೆ ಈಚೆ ಇರುವ ಕೋಶಕೇಂದ್ರಗಳಿಗೆ ಸಿಗುವ ಬೈಕಾಯ್ಡ್ ಹೆಚ್ಚು ಕಡಿಮೆ ಒಂದೇ. ಒಂದು ಹೌದು ಎನ್ನುವುದೂ ಇನ್ನೊಂದು ಇಲ್ಲ ಎನ್ನುವುದೂ ಹೇಗೆ? ‘ಒಂದು ಮಿತಿ ದಾಟಿದರೆ ಎಬ್ಬಿಸುತ್ತದೆ’ ಎಂದೆ. ‘ಆ ಮಿತಿ ಎಲ್ಲಿ ಬರೆದಿದೆ?’ ಎಂದಳು. ಹದಿನಾಲ್ಕು ವರ್ಷ ಈ ಪಾಠ ಮಾಡಿದ್ದೇನೆ, ಈ ಪ್ರಶ್ನೆಯನ್ನು ನಾನೇ ಕೇಳಿಕೊಂಡಿರಲಿಲ್ಲ. ನಾಳೆಯವರೆಗೆ ಸಮಯ ಕೇಳಿ ಬಂದಿದ್ದೇನೆ.

ನೀಲಿಪಟ್ಟೆ:
ಉತ್ತರ ಒಂದೇ ಸಾಲಿನಲ್ಲಿ ಬೇಕಾದರೆ: ಮಿತಿ ಬರೆದಿರುವುದು ಪ್ರೋಟೀನ್‌ನಲ್ಲಿ ಅಲ್ಲ, ಡಿಎನ್‌ಎಯಲ್ಲಿ. ಹಂಚ್‌ಬ್ಯಾಕ್ ವಂಶವಾಹಿಯ ಪಕ್ಕದಲ್ಲಿ ಬೈಕಾಯ್ಡ್ ಬಂದು ಕೂರುವ ತಾಣಗಳಿವೆ. ಒಂದಲ್ಲ, ಹಲವು. ಒಂದು ಅಣು ಕುಳಿತರೆ ಪಕ್ಕದ ತಾಣದಲ್ಲಿ ಇನ್ನೊಂದು ಕೂರುವುದು ಸುಲಭವಾಗುತ್ತದೆ. ಹೀಗಾಗಿ ತಾಣಗಳು ಒಂದೊಂದಾಗಿ ನಿಧಾನಕ್ಕೆ ತುಂಬುವುದಿಲ್ಲ. ಒಂದು ಸಾಂದ್ರತೆಯ ಕೆಳಗೆ ಬಹುತೇಕ ಖಾಲಿ, ಸ್ವಲ್ಪ ಮೇಲೆ ಹೋದರೆ ಬಹುತೇಕ ಭರ್ತಿ.

ಇನ್ನೊಂದು ವಿಷಯವನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಈ ಹಂತದಲ್ಲಿ ಭ್ರೂಣಕ್ಕೆ ಜೀವಕೋಶಗಳೇ ಇಲ್ಲ. ಮೊದಲ ಹದಿಮೂರು ವಿಭಜನೆಗಳಲ್ಲಿ ಕೋಶಕೇಂದ್ರಗಳು ಮಾತ್ರ ಇಬ್ಭಾಗವಾಗುತ್ತವೆ, ಆರಂಭದಲ್ಲಿ ಎಂಟು ಒಂಬತ್ತು ನಿಮಿಷಕ್ಕೊಮ್ಮೆ. ನಡುವೆ ಗೋಡೆ ಇರುವುದಿಲ್ಲ. ಎಲ್ಲವೂ ಒಂದೇ ದ್ರವದಲ್ಲಿ ತೇಲುತ್ತಿರುವುದರಿಂದಲೇ ಬೈಕಾಯ್ಡ್ ಒಂದು ಕೋಶಕೇಂದ್ರದಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಸಾಗುತ್ತದೆ. ಹದಿನಾಲ್ಕನೆಯ ಸುತ್ತಿನಲ್ಲಿ, ಸುಮಾರು ಆರು ಸಾವಿರ ಕೋಶಕೇಂದ್ರಗಳು ಮೇಲ್ಮೈಗೆ ಬಂದು ಸಾಲುಗಟ್ಟಿದ ಮೇಲೆ, ಅವುಗಳ ನಡುವೆ ಪೊರೆ ಇಳಿಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಎಣ್ಣೆಯ ಹನಿಯಲ್ಲಿ ಭ್ರೂಣವನ್ನಿಟ್ಟು ಅದನ್ನು ನೋಡಿದ್ದೇನೆ. ಅಂಚಿನುದ್ದಕ್ಕೂ ತೆಳ್ಳನೆಯ ಗೆರೆಗಳು ಒಳಮುಖವಾಗಿ ಬೆಳೆಯುತ್ತ ಹೋಗುತ್ತವೆ. ಒಂದು ಗಂಟೆಯ ಕೆಲಸ. ಎದ್ದು ಹೋಗಲು ಮನಸ್ಸೇ ಬರುವುದಿಲ್ಲ.

ಲೆಕ್ಕದಹಾಳೆ:
ನೀಲಿಪಟ್ಟೆಯವರು ಹೇಳಿದ್ದಕ್ಕೆ ಅಂಕಿಗಳನ್ನು ಸೇರಿಸುತ್ತೇನೆ, ವಿದ್ಯಾರ್ಥಿನಿಗೆ ಅದು ಹಿಡಿಸಬಹುದು. ಮೊಟ್ಟೆಯ ಉದ್ದ ಅರ್ಧ ಮಿಲಿಮೀಟರ್, ಅಂದರೆ 500 ಮೈಕ್ರಾನ್. ಪ್ರತಿ 100 ಮೈಕ್ರಾನ್ ಹಿಂದೆ ಹೋದಂತೆ ಬೈಕಾಯ್ಡ್ ಮೊದಲಿದ್ದದ್ದರ ಸುಮಾರು 37 ಪ್ರತಿಶತಕ್ಕೆ ಇಳಿಯುತ್ತದೆ. ಅಕ್ಕಪಕ್ಕದ ಕೋಶಕೇಂದ್ರಗಳ ನಡುವಿನ ವ್ಯತ್ಯಾಸ ಹತ್ತು ಪ್ರತಿಶತದಷ್ಟು ಮಾತ್ರ. 2007ರಲ್ಲಿ ಇದನ್ನು ಜೀವಂತ ಭ್ರೂಣದಲ್ಲಿ ಅಳೆದಾಗ, ಹಂಚ್‌ಬ್ಯಾಕ್ ಗಡಿಯ ಬಳಿ ಒಂದು ಕೋಶಕೇಂದ್ರದಲ್ಲಿ ಇದ್ದದ್ದು ಸುಮಾರು 690 ಬೈಕಾಯ್ಡ್ ಅಣುಗಳು. ಕೋಟಿಗಳಲ್ಲ, ಲಕ್ಷಗಳಲ್ಲ, ಏಳುನೂರಕ್ಕಿಂತ ಕಡಿಮೆ.

ಐದು ಅಣುಗಳು ಒಟ್ಟಾಗಿ ಕುಳಿತಾಗಲೇ ವಂಶವಾಹಿ ಏಳುತ್ತದೆ ಎಂದು ಇಟ್ಟುಕೊಳ್ಳಿ. ಆಗ ಹತ್ತು ಪ್ರತಿಶತದ ವ್ಯತ್ಯಾಸವನ್ನು, ಅಂದರೆ 1.1 ಅನ್ನು, ಐದು ಬಾರಿ ಗುಣಿಸಬೇಕು: 1.6 ಬರುತ್ತದೆ. ನಾಲ್ಕು ಕೋಶಕೇಂದ್ರ ದಾಟುವಷ್ಟರಲ್ಲಿ ‘ಏಳು’ ಎನ್ನುವ ಕಡೆಗಿನ ತೂಕ ಆರೂಮುಕ್ಕಾಲು ಪಟ್ಟು ಬದಲಾಗಿರುತ್ತದೆ. ನುಣುಪಾದ ಇಳಿಜಾರಿನಿಂದ ಚೂಪಾದ ಗಡಿ ಹೀಗೆ ಹುಟ್ಟುತ್ತದೆ. ಅದರಲ್ಲಿ ಮಾಯವೇನೂ ಇಲ್ಲ, ಗುಣಾಕಾರ ಇದೆ.

ಕುತೂಹಲಿ:
ಸಂಶೋಧನೆಗೆ ಈಗಷ್ಟೇ ಸೇರಿದವನು. ಒಂದು ಸಂದೇಹ. ತಾಣಗಳ ಹಿಡಿತವೇ ಗಡಿಯನ್ನು ನಿರ್ಧರಿಸುವುದಾದರೆ, ಬಲವಾದ ತಾಣ ಇರುವ ವಂಶವಾಹಿಗಳು ಹಿಂದಿನವರೆಗೂ, ದುರ್ಬಲ ತಾಣದವು ಮುಂತುದಿಯಲ್ಲಿ ಮಾತ್ರವೂ ಏಳಬೇಕಲ್ಲವೇ? ಹಾಗೆಯೇ ಇದೆಯೇ?

ನೀಲಿಪಟ್ಟೆ:
1989ರಲ್ಲಿ ಅದನ್ನೇ ತೋರಿಸಿದರು. ಕೃತಕವಾಗಿ ಜೋಡಿಸಿದ ತಾಣಗಳಲ್ಲಿ ಅದು ನಿಜವಾಯಿತು. ಪಠ್ಯಗಳು ಅಲ್ಲಿಗೇ ನಿಂತವು. ಆದರೆ 2005ರಲ್ಲಿ ಬೈಕಾಯ್ಡ್ ಎಬ್ಬಿಸುವ ಹಲವಾರು ಸಹಜ ನಿಯಂತ್ರಣ ತುಣುಕುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ತಾಣದ ಬಲಕ್ಕೂ ಗಡಿಯ ಸ್ಥಾನಕ್ಕೂ ನಂಟು ಬಲು ಸಡಿಲವಾಗಿತ್ತು. 2012ರ ಹೊತ್ತಿಗೆ ಕಾರಣವೂ ಸಿಕ್ಕಿತು. ಬೈಕಾಯ್ಡ್‌ಗೆ ಎದುರಾಗಿ ಹಿಂದಿನಿಂದ ತಡೆಯುವ ಪ್ರೋಟೀನ್‌ಗಳಿವೆ: ರಂಟ್, ಕ್ರುಪ್ಪೆಲ್, ಕ್ಯಾಪಿಕುವಾ. ಬಹಳಷ್ಟು ವಂಶವಾಹಿಗಳ ಹಿಂಗಡಿ ಎಳೆಯುವುದು ಬೈಕಾಯ್ಡ್‌ನ ಕೊರತೆಗಿಂತ ಹೆಚ್ಚಾಗಿ ಇವುಗಳ ತಡೆ.

ಆದ್ದರಿಂದ ಪಾಠದಮನೆಯವರೇ, ‘ಮಿತಿ’ ಎಂಬ ಪದವನ್ನು ಹಲಗೆಯಿಂದ ಅಳಿಸಬೇಡಿ, ಆದರೆ ಅದನ್ನೇ ಪೂರ್ತಿ ಉತ್ತರ ಎಂದೂ ಬಿಡಬೇಡಿ.

ಲೆಕ್ಕದಹಾಳೆ:
ಇದಕ್ಕೆ ಇನ್ನೊಂದು ಪುರಾವೆ ಅಂಕಿಯಲ್ಲೇ ಇದೆ. ತಾಯಿ ನೊಣಕ್ಕೆ ಬೈಕಾಯ್ಡ್ ವಂಶವಾಹಿಯ ಪ್ರತಿಗಳನ್ನು ಎರಡರಿಂದ ನಾಲ್ಕಕ್ಕೆ ಏರಿಸಿದರೆ ಪ್ರೋಟೀನ್ ಎರಡು ಪಟ್ಟಾಗುತ್ತದೆ. ಬರೀ ಮಿತಿಯೇ ಎಲ್ಲವನ್ನೂ ನಿರ್ಧರಿಸುವುದಾದರೆ ಪ್ರತಿ ಗಡಿಯೂ ಸುಮಾರು 69 ಮೈಕ್ರಾನ್ ಹಿಂದೆ ಸರಿಯಬೇಕು. ಗಡಿಗಳು ಹಿಂದೆ ಸರಿಯುವುದು ನಿಜ, ಭ್ರೂಣದ ತಲೆಭಾಗದ ಹಿಂದೆ ಮೂಡುವ ಮಡಿಕೆಯೂ ಹಿಂದಕ್ಕೆ ಹೋಗುತ್ತದೆ. ಆದರೆ ಲೆಕ್ಕ ಹೇಳುವಷ್ಟು ದೂರ ಹೋಗುವುದಿಲ್ಲ. ಅಂಥ ಮೊಟ್ಟೆಗಳಿಂದಲೂ ಮರಿಹುಳು ಹೊರಬರುತ್ತದೆ! ಉಳಿದ ಪ್ರೋಟೀನ್‌ಗಳು ಒಂದನ್ನೊಂದು ತಡೆಯುತ್ತ ಚಿತ್ರವನ್ನು ಜಾಗಕ್ಕೆ ಎಳೆದುಕೊಳ್ಳುತ್ತವೆ.

ತಿದ್ದುಪಡಿಗಾರ:
ಮೊದಲ ಬರಹದಲ್ಲಿ ಎರಡು ಸಣ್ಣ ತಪ್ಪುಗಳಿವೆ, ಪಾಠಕ್ಕೆ ಹೋಗುವ ಮುನ್ನ ಸರಿಪಡಿಸುವುದು ಒಳ್ಳೆಯದು. ಒಂದು, ಹಂಚ್‌ಬ್ಯಾಕ್ ಹಿಂದಿನ ಅರ್ಧದಲ್ಲಿ ಇರುವುದೇ ಇಲ್ಲ ಎನ್ನಲಾಗದು. ಸ್ವಲ್ಪ ತಡವಾಗಿ ಹಿಂಬದಿಯಲ್ಲಿ ಇನ್ನೊಂದು ಪಟ್ಟೆ ಮೂಡುತ್ತದೆ, ಅದಕ್ಕೂ ಬೈಕಾಯ್ಡ್‌ಗೂ ಸಂಬಂಧವಿಲ್ಲ. ಎರಡು, ತಾಯಿಯೂ ಹಂಚ್‌ಬ್ಯಾಕ್ ಆರ್‌ಎನ್‌ಎಯನ್ನು ಮೊಟ್ಟೆಯ ತುಂಬ ಇಟ್ಟಿರುತ್ತದೆ. ಹಿಂತುದಿಯಲ್ಲಿ ನ್ಯಾನೋಸ್ ಎಂಬ ಪ್ರೋಟೀನ್ ಪುಮಿಲಿಯೋ ಜೊತೆ ಸೇರಿ ಆ ಆರ್‌ಎನ್‌ಎಯಿಂದ ಪ್ರೋಟೀನ್ ತಯಾರಾಗದಂತೆ ನೋಡಿಕೊಳ್ಳುತ್ತದೆ. ಇಲ್ಲಿ ನಿಯಂತ್ರಣ ನಡೆಯುವುದು ಡಿಎನ್‌ಎ ಮೇಲೆ ಅಲ್ಲ, ಆರ್‌ಎನ್‌ಎ ಮೇಲೆ.

ಅಷ್ಟೇಕೆ, ಬೈಕಾಯ್ಡ್ ಕೂಡ ಎರಡೂ ಕೆಲಸ ಮಾಡುತ್ತದೆ. ಡಿಎನ್‌ಎ ಮೇಲೆ ಕುಳಿತು ಹಂಚ್‌ಬ್ಯಾಕ್ ಅನ್ನು ಎಬ್ಬಿಸುತ್ತದೆ. ಕಾಡಲ್ ಎಂಬ ಇನ್ನೊಂದು ವಂಶವಾಹಿಯ ಆರ್‌ಎನ್‌ಎ ಮೇಲೆ ಕುಳಿತು ಅದರಿಂದ ಪ್ರೋಟೀನ್ ಆಗದಂತೆ ತಡೆಯುತ್ತದೆ. ಒಂದೇ ಪ್ರೋಟೀನ್, ಕೂರುವ ಜಾಗ ಬೇರೆ, ಪರಿಣಾಮ ಬೇರೆ.

ಪಾಠದಮನೆ:
ಎರಡನ್ನೂ ಗುರುತು ಹಾಕಿಕೊಂಡೆ, ಧನ್ಯವಾದ. ‘ಕೂರುವ ಜಾಗ ಬೇರೆ, ಪರಿಣಾಮ ಬೇರೆ’ ಎಂಬುದಕ್ಕೆ ಹಲಗೆಯ ಮೇಲೆ ಪೂರ್ತಿಯಾಗಿ ಬಿಡಿಸಿ ತೋರಿಸಬಹುದಾದ ಒಂದು ಉದಾಹರಣೆ ಕೊಡುತ್ತೀರಾ? ಪಟ್ಟಿ ಬೇಡ. ಒಂದೇ ಒಂದು, ಆದರೆ ಬುಡದಿಂದ ತುದಿಯವರೆಗೆ.

ನೀಲಿಪಟ್ಟೆ:
ಹಾಗಾದರೆ, ಭ್ರೂಣದ ಮೇಲೆ ಏಳು ಅಡ್ಡಪಟ್ಟೆಗಳಾಗಿ ಕಾಣುವ ಈವನ್‌ಸ್ಕಿಪ್ಡ್ ಎಂಬ ವಂಶವಾಹಿಯ ಎರಡನೆಯ ಪಟ್ಟೆ. ನನ್ನ ಮಟ್ಟಿಗೆ ಇಡೀ ಜೀವಶಾಸ್ತ್ರದಲ್ಲೇ ಇಷ್ಟು ಸುಂದರವಾಗಿ ಬಿಚ್ಚಿ ನೋಡಿದ ತುಣುಕು ಇನ್ನೊಂದಿಲ್ಲ.

ನಾನು ಮೊದಲ ಸಲ ಅದನ್ನು ಕಂಡ ದಿನವನ್ನು ಹೇಳುತ್ತೇನೆ. ಹಣ್ಣಿನ ರಸ ಬೆರೆಸಿದ ಅಗರ್ ತಟ್ಟೆಯಿಂದ ಭ್ರೂಣಗಳನ್ನು ಕುಂಚದಲ್ಲಿ ಎತ್ತಿ, ಬ್ಲೀಚ್ ದ್ರಾವಣದಲ್ಲಿ ಎರಡು ನಿಮಿಷ ಅದ್ದಿ ಹೊರಚಿಪ್ಪು ಕಳಚಬೇಕು. ಮೊದಲ ಪ್ರಯತ್ನದಲ್ಲಿ ಎರಡು ನಿಮಿಷ ಐದಾಗಿ ಎಲ್ಲವೂ ಹಾಳಾದವು. ಮತ್ತೆ ಮಾಡಿದೆ. ಮೂರನೆಯ ದಿನ, ಬಣ್ಣ ಬರಿಸುವ ದ್ರಾವಣ ಹಾಕಿ ಕಾಯುತ್ತಿದ್ದಾಗ, ಅಕ್ಕಿಕಾಳಿಗಿಂತ ಎಷ್ಟೋ ಚಿಕ್ಕದಾದ ಬಿಳಿಯ ಭ್ರೂಣದ ಮೇಲೆ ಮೊದಲು ಮಸುಕಾದ ನೆರಳು ಕಂಡಿತು. ಆಮೇಲೆ ಒಂದು, ಎರಡು, ಏಳು ನೇರಳೆ ಪಟ್ಟೆಗಳು. ಇನ್ನೊಂದು ನಿಮಿಷ ಬಿಟ್ಟಿದ್ದರೆ ಇಡೀ ಭ್ರೂಣವೇ ನೀಲಿಯಾಗುತ್ತಿತ್ತು. ದ್ರಾವಣ ತೊಳೆಯುವಾಗ ಕೈ ನಡುಗುತ್ತಿತ್ತು. ಈ ವೇದಿಕೆಯಲ್ಲಿ ನಾನು ಇಟ್ಟುಕೊಂಡ ಹೆಸರು ಆ ದಿನದ್ದು.

ಏಳು ಪಟ್ಟೆಗಳನ್ನು ನೋಡಿದವರಿಗೆ ಯಾವುದೋ ಅಲೆಯೋ ತಾಳವೋ ಅವನ್ನು ಮೂಡಿಸಿರಬೇಕು ಎನಿಸುತ್ತದೆ. ಹಾಗಲ್ಲ. ಈವನ್‌ಸ್ಕಿಪ್ಡ್ ವಂಶವಾಹಿಯ ಆಚೀಚೆ ಐದು ಬೇರೆ ಬೇರೆ ನಿಯಂತ್ರಣ ತುಣುಕುಗಳಿವೆ, ಇವಕ್ಕೆ ಎನ್‌ಹ್ಯಾನ್ಸರ್ ಎನ್ನುತ್ತೇವೆ. ಒಂದನೆಯ, ಎರಡನೆಯ, ಐದನೆಯ ಪಟ್ಟೆಗೆ ತಲಾ ಒಂದು. ಮೂರು ಮತ್ತು ಏಳಕ್ಕೆ ಸೇರಿ ಒಂದು. ನಾಲ್ಕು ಮತ್ತು ಆರಕ್ಕೆ ಸೇರಿ ಒಂದು. ಒಂದೊಂದೂ ತನ್ನ ಪಟ್ಟೆಯನ್ನಷ್ಟೇ ಬಲ್ಲದು.

ಎರಡನೆಯ ಪಟ್ಟೆಯ ತುಣುಕಿನ ಉದ್ದ ಸುಮಾರು 480 ಡಿಎನ್‌ಎ ಅಕ್ಷರ. 1992ರಲ್ಲಿ ಅದನ್ನು ಬಿಡಿಸಿದಾಗ ನಾಲ್ಕು ಪ್ರೋಟೀನ್‌ಗಳ ತಾಣಗಳು ಗುರುತಾಗಿದ್ದವು. ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ಎಬ್ಬಿಸುವವು. ಜೈಂಟ್ ಮತ್ತು ಕ್ರುಪ್ಪೆಲ್ ತಡೆಯುವವು. ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ಎರಡೂ ಮುಂದಿನ ಅರ್ಧದಲ್ಲಿ ವಿಶಾಲವಾಗಿ ಇರುವುದರಿಂದ, ಅವುಗಳ ಕೈಗೇ ಬಿಟ್ಟರೆ ಬರುವುದು ಪಟ್ಟೆಯಲ್ಲ, ಅಗಲವಾದ ಬಯಲು. ಆ ಬಯಲಿನ ಮುಂಭಾಗದಲ್ಲಿ ಜೈಂಟ್ ಇದೆ, ಹಿಂಭಾಗದಲ್ಲಿ ಕ್ರುಪ್ಪೆಲ್ ಇದೆ. ಎರಡೂ ಇಲ್ಲದ ಇರುಕು ಜಾಗದಲ್ಲಿ ವಂಶವಾಹಿ ಏಳುತ್ತದೆ. ಎರಡನೆಯ ಪಟ್ಟೆ ಎಂದರೆ ಆ ಇರುಕು. ಪುರಾವೆ ಬೇಕಾದರೆ ತುಣುಕಿನಲ್ಲಿರುವ ಜೈಂಟ್ ತಾಣಗಳನ್ನು ಕೆಡಿಸಿ ನೋಡಿ: ಪಟ್ಟೆ ಮುಂದಕ್ಕೆ ಚಾಚಿಕೊಳ್ಳುತ್ತದೆ.

ಈಗ ನೀವು ಕೇಳಿದ್ದು. ಅದೇ ವಂಶವಾಹಿಯ ಮೂರು–ಏಳನೆಯ ಪಟ್ಟೆಯ ತುಣುಕಿಗೆ ಬನ್ನಿ. ಅಲ್ಲಿ ಹಂಚ್‌ಬ್ಯಾಕ್ ಎಬ್ಬಿಸುವುದಿಲ್ಲ, ತಡೆಯುತ್ತದೆ! ಮೂರನೆಯ ಪಟ್ಟೆಯ ಮುಂಗಡಿ ಎಳೆಯುವುದೇ ಅದು. ಒಂದೇ ಕೋಶಕೇಂದ್ರ, ಒಂದೇ ಹಂಚ್‌ಬ್ಯಾಕ್ ಅಣು, ಒಂದೇ ವಂಶವಾಹಿ. ಕೆಲವು ಸಾವಿರ ಅಕ್ಷರ ದೂರದಲ್ಲಿರುವ ಎರಡು ತುಣುಕುಗಳಲ್ಲಿ ಒಂದಕ್ಕೆ ಅದು ‘ಏಳು’, ಇನ್ನೊಂದಕ್ಕೆ ‘ಮಲಗು’. ಪ್ರೋಟೀನ್‌ಗೆ ತನ್ನದೇ ಆದ ಅರ್ಥ ಇಲ್ಲ ಎಂದು ನಾನು ಪಟ್ಟು ಹಿಡಿದು ಹೇಳುವುದು ಇದಕ್ಕೇ. ಅರ್ಥ ಸಿಗುವುದು ಅದು ಯಾರ ಪಕ್ಕದಲ್ಲಿ, ಎಲ್ಲಿ ಕುಳಿತಿದೆ ಎಂಬುದರಿಂದ.

ಕುತೂಹಲಿ:
ಎರಡನೆಯ ತುಣುಕಿನಲ್ಲಿ ಕುಳಿತ ಕ್ರುಪ್ಪೆಲ್ ತಡೆಯುವಾಗ ಪಕ್ಕದ ತುಣುಕುಗಳೂ ಮಲಗಿಬಿಡುವುದಿಲ್ಲವೇ?

ನೀಲಿಪಟ್ಟೆ:
ಇಲ್ಲ. ಕ್ರುಪ್ಪೆಲ್‌ನ ತಡೆ ಸುಮಾರು ನೂರು ಅಕ್ಷರದ ದೂರಕ್ಕೆ ಮಾತ್ರ ಮುಟ್ಟುತ್ತದೆ. ಅದರಿಂದಾಗಿಯೇ ಐದು ತುಣುಕುಗಳೂ ಒಂದರ ಗೊಡವೆ ಇನ್ನೊಂದಕ್ಕೆ ಇಲ್ಲದೆ ಕೆಲಸ ಮಾಡುತ್ತವೆ. ಈ ಅಲ್ಪದೂರದ ತಡೆ ಇಲ್ಲದಿದ್ದರೆ ಒಂದೇ ವಂಶವಾಹಿಯಿಂದ ಏಳು ಪಟ್ಟೆ ಬರುತ್ತಲೇ ಇರಲಿಲ್ಲ.

ಕುತೂಹಲಿ:
ಇನ್ನೊಂದು. ತಾಣ ಇದ್ದರೆ ಸಾಕೇ? ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದರೆ ಬೈಕಾಯ್ಡ್ ಒಳಗೆ ಹೋಗುವುದು ಹೇಗೆ?

ತಿದ್ದುಪಡಿಗಾರ:
ಅದಕ್ಕೆ ಜೆಲ್ಡಾ ಇದೆ. 2008ರಲ್ಲಿ ಬೆಳಕಿಗೆ ಬಂದ ಪ್ರೋಟೀನ್. ಇದೂ ತಾಯಿ ಕೊಟ್ಟು ಕಳುಹಿಸಿದ್ದೇ, ಆದರೆ ಬೈಕಾಯ್ಡ್‌ನಂತೆ ಒಂದು ತುದಿಯಲ್ಲಲ್ಲ, ಎಲ್ಲ ಕಡೆ. ಸಿಎಜಿಜಿಟಿಎಜಿ ಎಂಬ ಏಳಕ್ಷರದ ಗುರುತು ಇರುವಲ್ಲಿ ಹೋಗಿ ಕುಳಿತು ಆ ಜಾಗವನ್ನು ಬಿಡಿಸಿಡುತ್ತದೆ. ಭ್ರೂಣ ತನ್ನ ಸ್ವಂತ ವಂಶವಾಹಿಗಳನ್ನು ಓದಲು ಶುರುಮಾಡುವುದಕ್ಕೆ ಮುಖ್ಯ ಕಾರಣ ಅದು. ಬೈಕಾಯ್ಡ್‌ನ ಒಂಟಿ ಅಣುಗಳನ್ನೇ ಹಿಂಬಾಲಿಸಿ ನೋಡಿದಾಗ, ಒಂದು ಅಣು ಡಿಎನ್‌ಎ ಮೇಲೆ ನಿಲ್ಲುವುದು ಹೆಚ್ಚೆಂದರೆ ಸೆಕೆಂಡುಗಳ ಲೆಕ್ಕದಲ್ಲಿ. ಬೈಕಾಯ್ಡ್ ತೀರಾ ತೆಳುವಾಗಿರುವ ಹಿಂಭಾಗದಲ್ಲೂ ಅಲ್ಲಲ್ಲಿ ಗುಂಪುಗಟ್ಟಿ ಕೂರುತ್ತದೆ, ಆ ಗುಂಪುಗಳು ಕಟ್ಟಿಕೊಳ್ಳಲು ಜೆಲ್ಡಾ ನೆರವಾಗುತ್ತದೆ. ಹಾಗಾಗಿ ನಾವು ಬಿಡಿಸುವ ಚಿತ್ರದಲ್ಲಿ ತಾಣದ ಮೇಲೆ ಬೈಕಾಯ್ಡ್ ಬೀಗ ಜಡಿದಂತೆ ಕುಳಿತಿರುವುದು ಸರಿಯಲ್ಲ. ಅದು ಬಂದು ಹೋಗುತ್ತಲೇ ಇರುತ್ತದೆ.

ಹಳೆಯಸಾಲು:
ಚರ್ಚೆ ಬಹಳ ಚೆನ್ನಾಗಿದೆ. ಆದರೆ ಈ ಪ್ರೋಟೀನ್‌ಗಳ ಹೆಸರು ಎಲ್ಲಿಂದ ಬಂತು ಎಂಬುದನ್ನೂ ಮಕ್ಕಳಿಗೆ ಹೇಳಿ. ಪ್ರೋಟೀನ್ ಯಾವುದೆಂದು ಗೊತ್ತಾಗುವ ಎಷ್ಟೋ ಮೊದಲೇ, ಅದು ಇಲ್ಲವಾದಾಗ ಮರಿಹುಳು ಹೇಗೆ ಕಾಣುತ್ತದೆ ಎಂಬುದರಿಂದ ಹೆಸರು ಬಂತು. ಕ್ರುಪ್ಪೆಲ್ ಎಂದರೆ ಜರ್ಮನ್‌ನಲ್ಲಿ ಅಂಗವಿಕಲ. ಫುಶಿ ತರಾಜು ಎಂದರೆ ಜಪಾನಿಯಲ್ಲಿ ‘ಖಂಡಗಳು ಸಾಲವು’. ಹೈಡೆಲ್‌ಬರ್ಗ್‌ನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್‌ ಫೋಲ್‌ಹಾರ್ಡ್ ಮತ್ತು ಎರಿಕ್ ವೀಶಾಸ್ ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕದ ಎದುರುಬದುರು ಕುಳಿತು, ಸತ್ತ ಮರಿಹುಳುಗಳ ಚರ್ಮವನ್ನು ಒಂದೊಂದಾಗಿ ನೋಡಿದರು. 1980ರ ಅವರ ಪ್ರಬಂಧದಲ್ಲಿ ಇದ್ದದ್ದು ಹದಿನೈದು ವಂಶವಾಹಿಗಳು. ಎಡ್ವರ್ಡ್ ಲೂಯಿಸ್ ಜೊತೆಗೆ ಅವರಿಗೆ ನೊಬೆಲ್ ಬಂದದ್ದು 1995ರಲ್ಲಿ.

ಬೈಕಾಯ್ಡ್ ಇಲ್ಲದ ತಾಯಿಯ ಮರಿಯ ಚರ್ಮವನ್ನು ನಾನೂ ನೋಡಿದ್ದೇನೆ. ಹೊಟ್ಟೆಯ ಅಡಿಯಲ್ಲಿ ಸಣ್ಣ ಮುಳ್ಳುಗಳ ಸಾಲು ಇರುತ್ತದೆ, ಖಂಡಕ್ಕೊಂದು. ಬಾಲದಿಂದ ಎಣಿಸುತ್ತ ಮುಂದೆ ಬಂದೆ. ತಲೆ ಬರಬೇಕಾದ ಕಡೆ ಮತ್ತೆ ಬಾಲದ ರಚನೆಯೇ ಇತ್ತು. ತಲೆ, ಎದೆ ಎರಡೂ ಇಲ್ಲ. ತಾಯಿಯ ಒಂದು ಕೊರತೆಯಿಂದ ಮರಿಗೆ ಎರಡೂ ಕಡೆ ಬಾಲ. ಆ ಚರ್ಮದ ಚಿತ್ರವನ್ನು ಒಮ್ಮೆ ನೋಡಿದ ವಿದ್ಯಾರ್ಥಿ ಬೈಕಾಯ್ಡ್ ಅನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ವಿಕಾಸಪಥ:
ಆದರೆ ಬೈಕಾಯ್ಡ್ ಅನ್ನು ಪ್ರಾಣಿಲೋಕದ ಮೂಲಸೂತ್ರ ಎಂಬಂತೆ ದಯವಿಟ್ಟು ಹೇಳಬೇಡಿ. ಅದು ನೊಣಗಳ ಒಂದು ಕವಲಿನಲ್ಲಿ ಮಾತ್ರ ಇದೆ. ಸೊಳ್ಳೆಗೆ ಇಲ್ಲ, ಜೀರುಂಡೆಗೆ ಇಲ್ಲ. ದೇಹದ ಖಂಡಗಳಿಗೆ ಗುರುತು ಕೊಡುವ ಹಾಕ್ಸ್ ಕುಟುಂಬದ ಒಂದು ಹಳೆಯ ವಂಶವಾಹಿ ಇಮ್ಮಡಿಯಾಗಿ, ಒಂದು ಪ್ರತಿ ಬೇರೆ ದಾರಿ ಹಿಡಿದು ಬೈಕಾಯ್ಡ್ ಆಯಿತು. ಡಿಎನ್‌ಎಯನ್ನು ಹಿಡಿಯುವ ಅದರ ಭಾಗದಲ್ಲಿ ಅರವತ್ತು ಅಮೈನೋ ಆಮ್ಲಗಳಿವೆ. ಐವತ್ತನೆಯ ಸ್ಥಾನದಲ್ಲಿ ಗ್ಲುಟಮೀನ್ ಬದಲು ಲೈಸೀನ್ ಬಂದದ್ದರಿಂದ ಅದು ಗುರುತಿಸುವ ತಾಣವೇ ಬದಲಾಯಿತು. ನೊಣಕ್ಕೆ ತಲೆ ಕೊಡುವ ಕೆಲಸ ಇಷ್ಟು ಹೊಸಬನ ಪಾಲಿಗೆ ಬಂದಿದೆ ಎಂಬುದು ನನಗೆ ಇಂದಿಗೂ ಬೆರಗು. ಹಂಚ್‌ಬ್ಯಾಕ್, ಕ್ರುಪ್ಪೆಲ್ ಮುಂತಾದವು ಅದಕ್ಕಿಂತ ಹಳಬರು.

ಲೆಕ್ಕದಹಾಳೆ:
ಹಾಗಿದ್ದರೂ ಕೆಲವು ಪ್ರೋಟೀನ್‌ಗಳನ್ನು ‘ಒಡೆಯ’ ಎನ್ನಲೇಬೇಕಲ್ಲವೇ? ಕಣ್ಣು ಬೆಳೆಯಲು ಬೇಕಾದ ಐಲೆಸ್ ವಂಶವಾಹಿಯನ್ನು ಕಾಲಿನ, ರೆಕ್ಕೆಯ ಮೊಳಕೆಯಲ್ಲಿ ಎಬ್ಬಿಸಿದರೆ ಅಲ್ಲೇ ಕಣ್ಣು ಮೂಡುತ್ತದೆ. 1995ರಲ್ಲಿ ಬಾಸೆಲ್‌ನಲ್ಲಿ ವಾಲ್ಟರ್ ಗೆರಿಂಗ್ ಅವರ ತಂಡ ತೋರಿಸಿತು. ಅದಕ್ಕೆ ಸಮನಾದ ಇಲಿಯ ಪ್ರೋಟೀನ್ ಹಾಕಿದರೂ ನೊಣದ ಕಣ್ಣೇ ಬಂತು.

ವಿಕಾಸಪಥ:
ಆ ಪ್ರಯೋಗ ನನಗೂ ಅಚ್ಚುಮೆಚ್ಚು. ಆದರೆ ‘ಇಲಿಯ ಪ್ರೋಟೀನ್ ಹಾಕಿದರೂ ನೊಣದ ಕಣ್ಣೇ’ ಎಂಬ ನಿಮ್ಮ ಮಾತನ್ನೇ ಮತ್ತೊಮ್ಮೆ ಓದಿ. ಯಾವ ಕಣ್ಣು ಎಂಬುದು ಪ್ರೋಟೀನ್‌ನಲ್ಲಿ ಇದ್ದಿದ್ದರೆ ಇಲಿಯ ಕಣ್ಣು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಅದು ಕುಳಿತ ತಾಣಗಳು ನೊಣದವು. ನೀಲಿಪಟ್ಟೆಯವರು ಮೊದಲಿನಿಂದ ಹೇಳುತ್ತಿರುವುದೂ ಅದೇ. ಅದೂ ಅಲ್ಲದೆ, ಕಣ್ಣು ಮೂಡಿದ್ದು ಕಾಲು, ರೆಕ್ಕೆ, ಮೀಸೆಯಂಥ ಕೆಲವೇ ಕಡೆ.

ಲೆಕ್ಕದಹಾಳೆ:
ಹೌದು, ಒಪ್ಪಿದೆ. ಆ ಪದ ಬಿಡುತ್ತೇನೆ.

ಕುತೂಹಲಿ:
ಬೈಕಾಯ್ಡ್, ಕ್ರುಪ್ಪೆಲ್ ಎಲ್ಲ ಕೆಲವೇ ಗಂಟೆಗಳಲ್ಲಿ ಮಾಯವಾಗುತ್ತವೆ. ಆದರೆ ನೊಣದ ಮೂರನೆಯ ಎದೆಖಂಡ ಕೊನೆಯವರೆಗೂ ಮೂರನೆಯದಾಗಿಯೇ ಉಳಿಯುತ್ತದೆ. ಇದನ್ನು ನೆನಪಿಟ್ಟುಕೊಳ್ಳುವವರು ಯಾರು?

ಹಳೆಯಸಾಲು:
ಆ ಖಂಡದ ಗುರುತು ಅಲ್ಟ್ರಾಬೈಥೊರಾಕ್ಸ್ ಎಂಬ ಪ್ರೋಟೀನ್. ಅಲ್ಲಿ ರೆಕ್ಕೆಯ ಬದಲು ಸಮತೋಲನಕ್ಕೆ ನೆರವಾಗುವ ಗುಂಡಿಯಾಕಾರದ ಪುಟ್ಟ ಅಂಗ ಬರುವುದು ಅದರಿಂದ. ಆ ಖಂಡದಲ್ಲಿ ಅದನ್ನು ಇಲ್ಲವಾಗಿಸಿ ಲೂಯಿಸ್ ನಾಲ್ಕು ರೆಕ್ಕೆಯ ನೊಣವನ್ನು ಬೆಳೆಸಿದ್ದರು. ಅದನ್ನು ಎಬ್ಬಿಸಿದ ಪ್ರೋಟೀನ್‌ಗಳು ಹೋದ ಮೇಲೆ, ಎಲ್ಲಿ ಮಲಗಿದೆಯೋ ಅಲ್ಲಿ ಮಲಗಿಯೇ ಇರುವಂತೆ ಪಾಲಿಕೂಂಬ್ ಗುಂಪೂ, ಎಲ್ಲಿ ಎದ್ದಿದೆಯೋ ಅಲ್ಲಿ ಎದ್ದೇ ಇರುವಂತೆ ಟ್ರೈಥೊರಾಕ್ಸ್ ಗುಂಪೂ ನೋಡಿಕೊಳ್ಳುತ್ತವೆ. ಪಾಲಿಕೂಂಬ್ ಗುಂಪು ಹಿಸ್ಟೋನ್ ಎಚ್3ರ 27ನೆಯ ಲೈಸೀನ್ ಮೇಲೆ ಒಂದು ರಾಸಾಯನಿಕ ಗುರುತು ಹಾಕುತ್ತದೆ. 2013ರಲ್ಲಿ ಆ ಲೈಸೀನ್ ಅನ್ನೇ ಬದಲಿಸಿದ ನೊಣದ ಕೋಶಗಳಲ್ಲಿ, ಪಾಲಿಕೂಂಬ್ ಗುಂಪು ಕೆಟ್ಟಾಗ ಆಗುವಂತೆಯೇ, ಮಲಗಬೇಕಾದ ವಂಶವಾಹಿಗಳು ಎದ್ದವು.

ಪಾಠದಮನೆ:
ತರಗತಿ ಮುಗಿಸಿ ಬಂದೆ. ಎರಡನೆಯ ಪಟ್ಟೆಯನ್ನು ನಾಲ್ಕು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿದೆ. ಮೊದಲು ಬೈಕಾಯ್ಡ್, ಹಂಚ್‌ಬ್ಯಾಕ್ ಬಯಲು. ಅದರ ಮೇಲೆ ಜೈಂಟ್, ಕ್ರುಪ್ಪೆಲ್. ನಡುವಿನ ಇರುಕು ತಾನಾಗಿ ಕಂಡಾಗ ಹಿಂದಿನ ಸಾಲಿನಿಂದಲೂ ‘ಓ’ ಎಂಬ ದನಿ ಬಂತು. ಜೈಂಟ್ ತಾಣ ಕೆಡಿಸಿದರೆ ಏನಾಗುತ್ತದೆ ಎಂದು ಕೇಳಿದೆ. ಎಲ್ಲರೂ ಸರಿಯಾಗಿ ಮುಂದಕ್ಕೆ ಕೈ ತೋರಿಸಿದರು.

ಪ್ರಶ್ನೆ ಕೇಳಿದ ಅದೇ ಹುಡುಗಿ ಹಲಗೆಯ ಹತ್ತಿರ ಬಂದು, ‘ಮುಂತುದಿಯಲ್ಲಿ ಬೈಕಾಯ್ಡ್ ಎಲ್ಲಕ್ಕಿಂತ ದಟ್ಟ. ಜೈಂಟ್ ಇಲ್ಲದಿದ್ದರೆ ಪಟ್ಟೆ ತುದಿಯವರೆಗೂ ಹೋಗಬೇಕಲ್ಲ, ಹೋಗುತ್ತದೆಯೇ?’ ಎಂದಳು. ಮತ್ತೆ ಸಮಯ ಕೇಳಿದ್ದೇನೆ.

ನೀಲಿಪಟ್ಟೆ:
ಹೋಗುವುದಿಲ್ಲ. ಸ್ವಲ್ಪ ಮುಂದೆ ಚಾಚಿ ನಿಲ್ಲುತ್ತದೆ. 2002ರಲ್ಲಿ ಇದನ್ನೇ ಹುಡುಕಿದಾಗ ಜೈಂಟ್‌ನ ಮುಂದೆ ಇನ್ನೂ ಎರಡು ತಡೆಗಳು ಸಿಕ್ಕವು: ತಲೆಯ ಭಾಗದಲ್ಲಿ ಸ್ಲಾಪಿಪೇರ್ಡ್ ಎಂಬ ಪ್ರೋಟೀನ್, ತೀರಾ ತುದಿಯಲ್ಲಿ, ಭ್ರೂಣದ ತುದಿಗಳನ್ನು ಗುರುತಿಸುವ ಟಾರ್ಸೋ ಎಂಬ ಸಂಕೇತದ ತಡೆ. ಅವಳಿಗೆ ಒಂದು ಬಿಳಿ ಹಾಳೆ ಕೊಟ್ಟು ಭ್ರೂಣದ ಮುಂಭಾಗವನ್ನಷ್ಟೇ ದೊಡ್ಡದಾಗಿ ಬಿಡಿಸಲು ಹೇಳಿ, ಮೂರು ತಡೆಗಳನ್ನೂ ಅವಳೇ ಜಾಗಕ್ಕೆ ಇಡಲಿ. ಚಿತ್ರ ಸಿದ್ಧವಾದರೆ ಇಲ್ಲಿ ಹಾಕಿ, ನೋಡಬೇಕು.